ಉದ್ಘೋಷಕ ಬೇರೆ, ನಿರೂಪಕ ಬೇರೆ

ನಿಮ್ಮ ಕಾಲೇಜು ರೇಡಿಯೋದಲ್ಲಿ ಅನೌನ್ಸರ್ ಕೂರುವ ಕೋಣೆಯ ಬಾಗಿಲಿಗೆ ಕನ್ನಡದಲ್ಲಿ ಏನು ಬರೆಸುವುದು ಎಂದು ಕೇಳಿದ್ದೀರಿ, ನಾಳೆಯೇ ಪೇಂಟರ್ ಬರುತ್ತಾರೆ ಎಂದೂ ಹೇಳಿದ್ದೀರಿ. ಹಾಗಾಗಿ ಮೊದಲು ಉತ್ತರ: ಆ ಬಾಗಿಲಿಗೆ 'ಉದ್ಘೋಷಕರು' ಎಂದೇ ಬರೆಸಿ. ಗಂಡು ಹೆಣ್ಣು ಇಬ್ಬರಿಗೂ ಆಗುತ್ತದೆ. ದಕಾರಕ್ಕೆ ಘ ಒತ್ತು, ಆಮೇಲೆ ಷ. ಪೇಂಟರ್ ಕೈಗೆ ಚೀಟಿಯಲ್ಲಿ ಬರೆದೇ ಕೊಡಿ.

'ನಿರೂಪಕರು' ಬೇಡವೇ ಬೇಡ. ನಿರೂಪಕರು ಒಂದು ಕಾರ್ಯಕ್ರಮ ನಡೆಸಿಕೊಡುವವರು. ಉದ್ಘೋಷಕರು ಇಡೀ ಪಾಳಿ ನಡೆಸುವವರು. ನಾನು 4 ವರ್ಷ ಆ ಕುರ್ಚಿಯಲ್ಲಿ ಕೂತಿದ್ದೇನೆ. ಎದುರಿಗೆ ಯಾವ ಹೊತ್ತಿಗೆ ಏನು ಎಂದು ಬರೆದ ಕ್ಯೂ ಶೀಟ್, ಬೆರಳು ದನಿ ಏರಿಸಿ ಇಳಿಸುವ ಫೇಡರ್ ಮೇಲೆ, ಕಣ್ಣು ಸೆಕೆಂಡಿನ ಮುಳ್ಳಿನ ಮೇಲೆ. ಹಾಡು ಮುಗಿದು ವಾರ್ತೆಗೆ ಇನ್ನೂ 20 ಸೆಕೆಂಡ್ ಉಳಿದರೆ ಅದನ್ನು ತುಂಬುವುದು ನಮ್ಮ ಕೆಲಸ. ಇದು ನಿರೂಪಣೆ ಹೇಗಾಗುತ್ತದೆ? ಅಂದಹಾಗೆ, ವಿಜಯನಗರದ ಕಾಲದ ಶಾಸನಗಳಲ್ಲಿ 'ನಿರೂಪ' ಎಂದರೆ ಅರಸನ ಅಪ್ಪಣೆ. 'ನಿರೂಪದಿಂದ' ಎಂದಿದ್ದರೆ ಅಪ್ಪಣೆಯ ಮೇರೆಗೆ ಎಂದರ್ಥ. ಅಲ್ಲಿಂದ ಟಿವಿ ಆಂಕರ್‌ವರೆಗೆ ಆ ಮಾತು ಬಹಳ ದೂರ ಬಂದಿದೆ.

ಇಲ್ಲಿ ಇನ್ನೊಬ್ಬರು 'ಉದ್ಘೋಷಕ' ಸಂಸ್ಕೃತ, ಅದರ ಬದಲು 'ಸಾರುಗ' ಇರಲಿ ಎಂದಿದ್ದಾರೆ. ವ್ಯಾಕರಣ ಸರಿ. ಓದುಗ, ಕೇಳುಗ ಇದ್ದ ಹಾಗೆ. ಅರ್ಥವೂ ಸರಿ. ಉದ್ಘೋಷ ಎಂದರೂ ಗಟ್ಟಿಯಾಗಿ ಸಾರುವುದೇ. ಆದರೆ ಬಳಸುವವರು ಯಾರು? ಯಾರೂ ಇಲ್ಲ. ಸಂಸ್ಕೃತ ಅನ್ನುವ ಒಂದೇ ಕಾರಣಕ್ಕೆ ತೆಗೆಯಬೇಕಾದರೆ 'ಆಕಾಶವಾಣಿ'ಯೂ ಹೋಗಬೇಕು. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಶುರು ಮಾಡಿದ ನಿಲಯದ ಹೆಸರು ಅದು. ಆಮೇಲೆ ಇಡೀ ದೇಶವೇ ತೆಗೆದುಕೊಂಡಿತು. ಅದನ್ನು ಪರಕೀಯ ಅಂದರೆ ನಾನು ಒಪ್ಪುವುದಿಲ್ಲ. ರೇಡಿಯೋಗೆ 'ಬಾನುಲಿ'ಯೂ ಚೆಂದದ ಪದ, ನಾನೂ ಬಳಸುತ್ತೇನೆ. ಆದರೆ ಒಂದು ಬೇಕು ಅಂತ ಇನ್ನೊಂದನ್ನು ಯಾಕೆ ಓಡಿಸಬೇಕು?

ನಾನು ಕಂಡದ್ದು ಇಷ್ಟು. ಮೈಕಿನಲ್ಲಿ ದಿನಾ ಆಡುವ ಮಾತು ತಾನಾಗಿ ಕನ್ನಡವಾಗುತ್ತದೆ. ಕಾಗದದ ಮೇಲೆ 'ವಾರ್ತಾವಾಚಕರು', ಬಾಯಲ್ಲಿ ಮಾತ್ರ 'ವಾರ್ತೆಗಳು, ಓದುತ್ತಿರುವವರು...' ಅಲ್ವಾ? 'ಶ್ರೋತೃಗಳೇ' ಎನ್ನುತ್ತಿದ್ದವರು 'ಕೇಳುಗರೇ' ಎನ್ನತೊಡಗಿದರು. ಉದ್ಘೋಷಕರು ಮಾತ್ರ ತಮ್ಮ ಹುದ್ದೆಯ ಹೆಸರನ್ನು ಮೈಕಿನಲ್ಲಿ ಹೇಳಿಕೊಳ್ಳುವ ಪ್ರಸಂಗವೇ ಕಡಿಮೆ. ಆ ಪದ ಡ್ಯೂಟಿ ಚಾರ್ಟ್‌ನಲ್ಲೇ ಉಳಿಯಿತು. ಬಾಯಲ್ಲಿ ನಾವು ಹೇಳುತ್ತಿದ್ದದ್ದು 'ಅನೌನ್ಸರ್ ಡ್ಯೂಟಿ' ಎಂದೇ.

'ಸಾರುಗ' ಬೇಕು ಎನ್ನುವವರು ಸುಮ್ನೆ ಇಲ್ಲಿ ವಾದ ಮಾಡುವುದು ಬೇಡ. ನಿಮ್ಮ ಹುಡುಗರ ಕೈಲಿ ಒಂದು ವರ್ಷ ದಿನಾ 'ಇಂದಿನ ಸಾರುಗರು' ಅಂತ ಹೇಳಿಸಿ ನೋಡಿ. ಕೇಳುಗರ ಬಾಯಿಗೆ ಬಂದರೆ ಫಲಕ ಬದಲಾಯಿಸೋಣ.