ಸಹಾಯ ಬೇಕು: ಚೇಳಿನಲ್ಲಿ ಗಂಡು, ಹೆಣ್ಣು ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆಯವನು. ಆನೆಗೊಂದಿ ಸುತ್ತಿನ ಬಂಡೆಗುಡ್ಡಗಳಲ್ಲಿ ಕಾಣುವ ಚೇಳುಗಳ ಫೋಟೊ ತೆಗೆದು, ಗಂಡು ಹೆಣ್ಣು ಬೇರೆ ಮಾಡಿ ಬರೆದಿಡುತ್ತಿದ್ದೇನೆ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಅವುಗಳ ಮೈ ಹೊಳೆಯುತ್ತದೆ, ಹುಡುಕುವುದು ಸುಲಭ. ಗುರುತಿಸುವುದೇ ಕಷ್ಟ.

ಮೈ ದಪ್ಪ ಇದ್ದರೆ ಹೆಣ್ಣು, ಸಣಕಲಾಗಿದ್ದರೆ ಗಂಡು ಅಂತಾರೆ. ಆದರೆ ಚೆನ್ನಾಗಿ ತಿಂದ ಗಂಡೂ ದಪ್ಪ ಕಾಣುತ್ತದೆ, ಅಲ್ವಾ? ಬೆನ್ನ ಮೇಲೆ ಮರಿ ಹೊತ್ತಿದ್ದರೆ ಮಾತ್ರ ಅನುಮಾನವಿಲ್ಲ, ಅದು ತಾಯಿ. ಹೆಚ್ಚು ನಂಬಬಹುದಾದದ್ದು ಹೊಟ್ಟೆಯಡಿ, ಕೊನೆಯ ಜೋಡಿ ಕಾಲುಗಳ ಹಿಂದೆ ಇರುವ ಬಾಚಣಿಗೆಯಂಥ ಎರಡು ಅಂಗ. ಗಂಡಿನಲ್ಲಿ ಅವು ಉದ್ದ, ಹಲ್ಲುಗಳೂ ಸಾಮಾನ್ಯವಾಗಿ ಜಾಸ್ತಿ. ಹೆಣ್ಣು ನೆಲದ ಮೇಲೆ ಬಿಟ್ಟುಹೋದ ವಾಸನೆಯ ಜಾಡು ಹಿಡಿಯಲು ಗಂಡಿಗೆ ಅವೇ ಆಧಾರ.

ನನ್ನ ತೊಡಕು ಕೆಂಪು ಚೇಳಿನದು. ಅದರಲ್ಲಿ ಗಂಡು ಹೆಣ್ಣುಗಳ ಹಲ್ಲಿನ ಎಣಿಕೆ ಹತ್ತಿರ ಹತ್ತಿರ ಬರುತ್ತದೆ. ಆಗ ಬಾಚಣಿಗೆಯ ಉದ್ದ ನೋಡಬೇಕಾ, ಇಕ್ಕಳದ ಅಗಲ ನೋಡಬೇಕಾ? ಗಾಜಿನ ಡಬ್ಬಿಯ ಅಡಿಯಿಂದ ತೆಗೆದ ಫೋಟೊಗಳಿವೆ. ಅನುಭವ ಇರುವವರು ಹೇಳಿದರೆ ಇಲ್ಲೇ ಹಾಕುತ್ತೇನೆ. ಚೇಳನ್ನು ಕೊಂದು ನೋಡುವ ದಾರಿ ಮಾತ್ರ ದಯವಿಟ್ಟು ಬೇಡ.