ಮಗ ಸಾಕರ್ (ನಮ್ಮೂರ ಫುಟ್‌ಬಾಲು) ಬಿಟ್ಟು ಬಾಸ್ಕೆಟ್‌ಬಾಲ್ ಅಂತಿದಾನೆ, ಸಾಕರ್ ಟ್ರೈಔಟ್‌ಗೆ ಕಳಿಸ್ಲಾ ಬೇಡ್ವಾ? ಅನುಭವ ಇರೋರು ಹೇಳಿ

ಪ್ಲೇನೋ_ಅಪ್ಪ
ಎಲ್ರಿಗೂ ನಮಸ್ಕಾರ. ನಾವಿರೋದು ಡಲ್ಲಾಸ್ ಹತ್ರ ಪ್ಲೇನೋದಲ್ಲಿ. ಮಗ 2014 ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದು, ಐದನೇ ಗ್ರೇಡು, ನಾಲ್ಕು ವರ್ಷದವನಿದ್ದಾಗಿಂದ ಸಾಕರ್ ಆಡ್ತಿದಾನೆ, ಈಗ ಕ್ಲಬ್ಬಲ್ಲಿ ಯು-12 (ಹನ್ನೆರಡು ವರ್ಷದೊಳಗಿನೋರ) ಬಿ ಟೀಮ್, ಅಂದ್ರೆ ಎರಡನೇ ಟೀಮು. ಈ ಬೇಸಿಗೆ (2026) ಪಕ್ಕದ ಆರ್ಲಿಂಗ್ಟನ್‌ನಲ್ಲೇ ವರ್ಲ್ಡ್ ಕಪ್‌ದು 9 ಮ್ಯಾಚ್ ಇದೆ, ಸೆಮಿಫೈನಲ್ ಒಂದು ಸೇರಿ, ಊರೆಲ್ಲಾ ಅದೇ ಮಾತು, ಇವನು ಮಾತ್ರ ನಂಗೆ ಬೋರು, ಬಾಸ್ಕೆಟ್‌ಬಾಲ್‌ಗೆ ಸೇರ್ಸಿ ಅಂತ ಕೂತಿದಾನೆ. ಫ್ರೆಂಡ್ಸ್ ಯಾರೂ ಸಾಕರ್ ಆಡಲ್ವಂತೆ, ಇಬ್ರು ಫ್ಲ್ಯಾಗ್ ಫುಟ್‌ಬಾಲು (ಮೈಮೇಲೆ ಬೀಳದೇ ಆಡೋ ಅಮೆರಿಕನ್ ಫುಟ್‌ಬಾಲು), ಉಳಿದೋರು ಬಾಸ್ಕೆಟ್‌ಬಾಲು. ಸಾಕರ್ ಕ್ಲಬ್‌ದು ಟ್ರೈಔಟ್, ಅಂದ್ರೆ ಮುಂದಿನ ವರ್ಷದ ಟೀಮಿಗೆ ಆಯ್ಕೆ, ಮೇ ತಿಂಗಳಲ್ಲಿ. ಸೆಲೆಕ್ಟ್ ಆದ್ರೆ ಒಂದೇ ದಿನದಲ್ಲಿ 500 ಡಾಲರ್ ಡೆಪಾಸಿಟ್ ಕಟ್ಟಬೇಕು, ವಾಪಸ್ ಬರಲ್ಲ. ಇಷ್ಟು ವರ್ಷ ಆಡಿದ್ದು ದಂಡ ಆಗುತ್ತಾ? ಬಲವಂತ ಮಾಡ್ಲಾ? ಅಂದಹಾಗೆ ಅವನಿಗೆ ಹೈಟ್ ಜಾಸ್ತಿ ಇಲ್ಲ, ನಮ್ಮನೇಲಿ ಯಾರೂ ಎತ್ತರ ಇಲ್ಲ.

ಜರ್ಸಿ_ಅಮ್ಮ
ಬಿಡ್ಸಿ. ನಾನು ಬರೀ ಲೆಕ್ಕ ಕೊಡ್ತೀನಿ, ನೀವೇ ನೋಡ್ಕೊಳಿ. ಮಗಳು ಯು-9ನಿಂದ ಟ್ರಾವೆಲ್ ಸಾಕರ್, ಅಂದ್ರೆ ಬೇರೆ ಊರಿಗೆಲ್ಲಾ ಹೋಗಿ ಆಡೋ ಕ್ಲಬ್ ಟೀಮು. ಕೊನೇ ವರ್ಷ ಕ್ಲಬ್ ಫೀಸ್ 3,400. ಯೂನಿಫಾರ್ಮ್ ಕಿಟ್ 425, ಅದೂ ಎರಡು ವರ್ಷಕ್ಕೊಂದ್ಸಲ ಡಿಸೈನ್ ಬದಲಾಯಿಸ್ತಾರೆ, ಹಳೇದು ಹಾಕ್ಕೊಂಡು ಬಂದ್ರೆ ಆಡ್ಸಲ್ಲ. ವಿಂಟರ್ ಟ್ರೇನಿಂಗ್ 600, ಇಮೇಲ್‌ನಲ್ಲಿ ಆಪ್ಷನಲ್ ಅಂತ ಬರೀತಾರೆ, ಹೋಗದೇ ಇದ್ರೆ ಮಾರ್ಚಲ್ಲಿ ಬೆಂಚು. ಟೂರ್ನಮೆಂಟ್‌ದು ಇನ್ನೊಂದು ಕಥೆ, ಅವರು ಹೇಳಿದ ಹೋಟೆಲಲ್ಲೇ ಉಳ್ಕೋಬೇಕು, ಹೊರಗಡೆ 119ಕ್ಕೆ ಸಿಗೋ ರೂಮು ಅವರ ಲಿಂಕಲ್ಲಿ 214. ಡೆಲವೇರ್‌ನಲ್ಲಿ ನಮ್ಮ ಮೈದುನನ ಮನೆ ಗ್ರೌಂಡಿಂದ ಹತ್ತು ನಿಮಿಷ, ಆದ್ರೂ ಅಲ್ಲಿ ಉಳಿಯೋ ಹಾಗಿಲ್ಲ, ಟೀಮನ್ನೇ ಟೂರ್ನಮೆಂಟಿಂದ ತೆಗೀತೀವಿ ಅಂದ್ರು.

ಇಷ್ಟೆಲ್ಲಾ ಆಗಿ ಎಂಟನೇ ಗ್ರೇಡಲ್ಲಿ, ಯಾರೂ ಮುಟ್ಟಿಲ್ಲ ತಳ್ಳಿಲ್ಲ, ಓಡ್ತಿದ್ದೋಳು ತಟ್ಟನೆ ತಿರುಗಿದ್ಲು ಅಷ್ಟೇ, ಮಂಡಿಯೊಳಗಿನ ಎಸಿಎಲ್ ಲಿಗಮೆಂಟು ಹರೀತು. ಹುಡುಗರಿಗಿಂತ ಹುಡ್ಗೀರಿಗೆ ಇದು ಜಾಸ್ತಿ ಆಗುತ್ತೆ ಅಂತ ಆಮೇಲೆ ಎಲ್ಲಾ ಡಾಕ್ಟ್ರೂ ಹೇಳಿದ್ರು, ಮುಂಚೆ ಕ್ಲಬ್ಬಲ್ಲಿ ಒಬ್ರೂ ಬಾಯಿ ಬಿಟ್ಟಿರ್ಲಿಲ್ಲ. ಸರ್ಜರಿ ಡೇಟು ಸಿಕ್ಕಿದ್ದು ಡಿಸೆಂಬರ್ ಕೊನೇಲಿ, 6,000 ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋಕೆ ಮುಂಚೆ ವರ್ಷಕ್ಕೆ ನಾವೇ ಕಟ್ಟಬೇಕಾದ್ದು) ಪೂರ್ತಿ ಹೋಯ್ತು, ಜನವರಿ ಒಂದಕ್ಕೆ ಡಿಡಕ್ಟಿಬಲ್ ಮತ್ತೆ ಸೊನ್ನೆಯಿಂದ ಶುರು, ಫಿಸಿಕಲ್ ಥೆರಪಿ ವಾರಕ್ಕೆರಡು ಸಲ, ಒಂದೊಂದಕ್ಕೆ 140 ನಮ್ಮ ಕೈಯಿಂದ. ಕ್ಲಬ್‌ನೋರು ಆ ವರ್ಷದ ಉಳಿದ ಕಂತನ್ನೂ ಬಿಡ್ಲಿಲ್ಲ, ಕಾಂಟ್ರಾಕ್ಟ್ ತೋರ್ಸಿದ್ರು.

ಈಗ ಹೈಸ್ಕೂಲ್ ಟ್ರ್ಯಾಕ್ ಟೀಮಲ್ಲಿ ಡಿಸ್ಕಸ್ ಎಸೀತಾಳೆ. ಯಾರನ್ನೂ ಕಟ್ ಮಾಡಲ್ಲ. ಖರ್ಚು ಅಂದ್ರೆ ಶೂ.

ಮಲ್ಲಿಗೆ_ಮೈಸೂರು
ಅಯ್ಯೋ ಪಾಪ ಮಗು. ನಾವು ಫ್ರೀಮಾಂಟ್, ಮಗನ್ನ ಒಂಬತ್ತಕ್ಕೇ ಸಾಕರ್ ಬಿಡಿಸಿ ಸ್ವಿಮ್ಮಿಂಗ್‌ಗೆ ಹಾಕಿದ್ವಿ, ಇವತ್ತಿಗೂ ಅದೇ ಸರಿ ಅಂತೀನಿ. ಸಾಕರಲ್ಲಿ ಕೋಚ್ ಮಗ ಯಾವಾಗ್ಲೂ ಸ್ಟ್ರೈಕರ್, ಮ್ಯಾನೇಜರ್ ಮಗ ಮಿಡ್‌ಫೀಲ್ಡು, ನಮ್ಮೋನು ಲೆಫ್ಟ್ ಬ್ಯಾಕು, ಬಾಲ್ ಬಂದ್ರೆ ಬಂತು ಇಲ್ದಿದ್ರೆ ಹುಲ್ಲು ಕೀಳ್ತಾ ನಿಲ್ಲೋದು. ಸ್ವಿಮ್ಮಿಂಗಲ್ಲಿ ಸ್ಟಾಪ್‌ವಾಚಿಗೆ ಯಾರ ಮಗ ಅಂತ ಗೊತ್ತಾಗಲ್ಲ. ಈಜಿದ ವೇಗಕ್ಕೆ ತಕ್ಕಂತೆ ಮಟ್ಟ, ಬಿಬಿ ಟೈಮ್ ಬಂತಾ ಬಿಬಿ, ಅದಕ್ಕಿಂತ ಜೋರಾಗಿ ಎ ಟೈಮ್ ಬಂತಾ ಎ, ಅಷ್ಟೇ. ಬೆಳಿಗ್ಗೆ ಐದೂವರೆಗೆ ಪೂಲಲ್ಲಿರಬೇಕು, ಕ್ಲೋರಿನ್ನಿಗೆ ಕೂದಲು ಒಣ ಹುಲ್ಲಾಗಿದೆ, ಅದೊಂದೇ ಬೇಜಾರು. ಭಾನುವಾರ ಮ್ಯಾಚು ಅಂತ ಕನ್ನಡ ಕ್ಲಾಸ್ ತಪ್ಪಿಸೋ ಗೋಳೂ ತಪ್ತು.

ಧಾರವಾಡ_ಪೇಢಾ
ನಾವು ಶಿಕಾಗೋ ಬಾಜೂ ನೇಪರ್‌ವಿಲ್‌ದಾಗ ಅದೀವ್ರಿ. ಇಲ್ಲಿ ಹುಡುಗ್ರು ಯಾಕ ಸಾಕರ್ ಬಿಡ್ತಾರ ನಾ ಹೇಳ್ತೀನಿ ಕೇಳ್ರಿ, ಕೋಚೂ ಅಲ್ಲ ರೊಕ್ಕಾನೂ ಅಲ್ಲ. ನವೆಂಬರ್ ಬಂತಂದ್ರ ಗ್ರೌಂಡ್ ಬಂದ್. ಒಳಗ ಟರ್ಫ್ ಹಿಡೀಬೇಕಂದ್ರ ತಾಸಿಗೆ 200ರ ಮ್ಯಾಲೆ ಬಾಡಿಗಿ. ಬಾಸ್ಕೆಟ್‌ಬಾಲಿಗೆ ಗ್ಯಾರೇಜ್ ಮುಂದ ಒಂದು ಹೂಪ್ ನಿಂದ್ರಿಸಿದ್ರ ಮುಗೀತು, ಒಬ್ಬನ ನಿಂತು ತಾಸುಗಟ್ಲೆ ಒಗೀತಾನ, ಬಾಜೂ ಮನಿ ಹುಡುಗ ಸೈಕಲ್ ಅಲ್ಲೇ ಒಗದು ಬರ್ತಾನ, ಯಾರೂ ಡ್ರೈವ್ ಮಾಡೂದ ಬ್ಯಾಡ. ಸಾಕರಿಗೆ ಇಲ್ಲಿ ಗಲ್ಲಿ ಅನ್ನೂದ ಇಲ್ಲ, ಎಲ್ಲಾ ಕಾರಿನಾಗ ಕುಂತು ಹೋಗಿ ಆಡೂದು.

ಇನ್ನ ಹೈಸ್ಕೂಲು. ನಮ್ಮ ಇಲಿನಾಯ್ ರಾಜ್ಯದೊಳಗ ಹುಡುಗ್ರ ಸಾಕರ್ ಫಾಲ್‌ದಾಗ (ಚಳಿಗಾಲಕ್ಕಿಂತ ಮೊದ್ಲು), ಅಮೆರಿಕನ್ ಫುಟ್‌ಬಾಲೂ ಫಾಲ್‌ದಾಗ. ಫುಟ್‌ಬಾಲಿಗೆ ಬಂದವ್ರನ್ನ ಹೆಚ್ಚೂಕಮ್ಮಿ ಎಲ್ಲಾರ್ನೂ ತಗೋತಾರ, ಶುಕ್ರವಾರ ರಾತ್ರಿ ಲೈಟು, ಬ್ಯಾಂಡು, ಇಡೀ ಸಾಲಿ ಬರ್ತದ. ನಮ್ಮ ಸಾಕರ್ ಮ್ಯಾಚು ಮಂಗಳವಾರ ನಾಲ್ಕೂವರಿಗೆ, ನೋಡಾಕ ಬರವ್ರು ಅಪ್ಪ ಅವ್ವ, ಅವರೊಳಗೂ ಅರ್ಧ ಮಂದಿ ಫೋನ್ ಮ್ಯಾಲೆ ಆಫೀಸ್ ಕಾಲ್‌ದಾಗ. ನಮ್ಮಂವ ಸಣ್ಣಾವಿದ್ದಾಗಿಂದ ಆಡಿದಂವ, ಒಂಬತ್ತನೇ ಗ್ರೇಡಿನ್ಯಾಗ ಫ್ರೆಶ್‌ಮನ್ ಟ್ರೈಔಟಿಗೆ ಹೋದ, ಗ್ವಾಡಿಗೆ ಲಿಸ್ಟ್ ಹಚ್ಚಿದ್ರು, ಹೆಸರು ಇಲ್ಲ. ಮಾತಾಡ್ಲಿಲ್ಲ, ಊಟಾ ಮಾಡ್ಲಿಲ್ಲ. ಮುಂದಿನ ವಾರ ಕ್ರಾಸ್ ಕಂಟ್ರಿ (ದೂರದ ಓಟ) ಕೋಚ್ ಕರದ್ರು, ಹೋದ. ಸಾಕರ್‌ನಾಗ ಓಡಿ ಓಡಿ ಬಂದ ಕಾಲು ಅದ, ಅಲ್ಲಿ ಉಪಯೋಗ ಆತು.

ಆಸ್ಟಿನ್‌ಟೌನ್_10
ಎಲ್ರೂ ದುಡ್ಡಿನ ಲೆಕ್ಕ ಹೇಳ್ತಿದೀರ, ಆಟದ ಬಗ್ಗೆ ಒಬ್ರೂ ಇಲ್ಲ. ನಾನು ಬೆಂಗಳೂರು ಆಸ್ಟಿನ್ ಟೌನ್ ಹುಡುಗ, ಈಗ ಅಟ್ಲಾಂಟ. ಗೌತಮಪುರ, ಆಸ್ಟಿನ್ ಟೌನ್ ಕಡೆ ಹುಡುಗ್ರಿಗೆ ಕ್ರಿಕೆಟ್‌ಗಿಂತ ಮೊದ್ಲು ಫುಟ್‌ಬಾಲು. ಒಂದು ಜೊತೆ ಬೂಟು ಇಬ್ರು ಹಂಚ್ಕೊಂಡು ಆಡಿದೀವಿ, ಫಸ್ಟ್ ಹಾಫ್ ನಂದು ಸೆಕೆಂಡ್ ಹಾಫ್ ಅವನ್ದು. ಯಾವನೂ ಡೆಪಾಸಿಟ್ ಕೇಳ್ಲಿಲ್ಲ. ಪ್ರಪಂಚಕ್ಕೆಲ್ಲಾ ಬಡವರ ಆಟ ಆಗಿರೋದು ಇಲ್ಲಿಗೆ ಬಂದು ಮಿನಿವ್ಯಾನ್ ಇರೋರ ಆಟ ಆಗಿದೆ, ಅದ್ಕೇ ಇಷ್ಟು ದೊಡ್ಡ ದೇಶ 2017ರಲ್ಲಿ ಟ್ರಿನಿಡಾಡ್ ಕೈಲಿ 2-1 ಸೋತು 2018ರ ವರ್ಲ್ಡ್ ಕಪ್‌ಗೇ ಹೋಗ್ಲಿಲ್ಲ. ಹುಡುಗೀರ ಟೀಮ್ ನಾಲ್ಕು ಕಪ್ ತಂದಿದೆ, 91, 99, 2015, 2019, ಅದು ಬೇರೆ ವಿಷಯ.

ನನ್ ಮಗ ಎಂಎಲ್‌ಎಸ್ (ಇಲ್ಲಿನ ದೊಡ್ಡ ಪ್ರೊಫೆಷನಲ್ ಸಾಕರ್ ಲೀಗು) ಕ್ಲಬ್ ಅಕಾಡೆಮಿ ಒಂದ್ರ ಟ್ರಯಲ್‌ನಲ್ಲಿ ಕೊನೇ ಲಿಸ್ಟ್‌ವರೆಗೆ ಬಂದ. ಅಲ್ಲಿ ಸಿಕ್ರೆ ಫೀಸೇ ಇಲ್ಲ. ಸೈಜು ಸಾಲಲ್ಲ ಅಂದ್ರು. ಮೆಸ್ಸಿ 170 ಸೆಂಟಿಮೀಟರ್ ಸ್ವಾಮಿ! ಅದೇ ದಿನ ಸೆಲೆಕ್ಟ್ ಆದ ಹುಡುಗ ಜನವರಿಯವನು, ನಮ್ಮೋನು ನವೆಂಬರು, ಹನ್ನೆರಡನೇ ವಯಸ್ಸಲ್ಲಿ ಹತ್ತು ತಿಂಗಳು ಅಂದ್ರೆ ಮೀಸೆ ಬಂದೋನು ಮೀಸೆ ಬರದೋನು. ಈಗ ದುಡ್ಡು ಕೊಟ್ಟು ಬೇರೆ ಕ್ಲಬ್ಬಲ್ಲಿ ಆಡ್ತಾನೆ, ಎರಡು ಕಡೆ ಸೇರಿ ದಿನಾ ತೊಂಬತ್ತು ನಿಮಿಷ ಡ್ರೈವು, ಬಿಡ್ಸಲ್ಲ ನಾನು. ಸ್ವಿಮ್ಮಿಂಗ್ ಮೇಡಂ, ಬೇಜಾರ್ ಮಾಡ್ಕೋಬೇಡಿ, ಅದು ಆಟ ಅಲ್ಲ ಸ್ನಾನ.

ಮಲ್ಲಿಗೆ_ಮೈಸೂರು
ಸ್ನಾನನೇ ಅನ್ಕೊಳಿ. ನನ್ ಮಗನ ಟೈಮಿಗೆ ಸೈಜು ಸಾಲಲ್ಲ ಅಂತ ಹೇಳೋ ಕೋಚ್ ಇಲ್ಲ. ನಿಮ್ ಕನಸು ನಿಮ್ ಮಗನ ಕಾಲಲ್ಲಿ ಓಡಿಸ್ತಿದೀರ, ಅವನ್ನ ಯಾವತ್ತಾದ್ರೂ ಕೇಳಿದೀರಾ?

ಆಸ್ಟಿನ್‌ಟೌನ್_10
ಬೆಳಿಗ್ಗೆ ಐದೂವರೆಗೆ ನೀರಿಗೆ ಇಳಿಸೋಕೆ ನಿಮ್ ಮಗನ್ನ ನೀವು ಕೇಳಿದ್ರಾ? ಕಾಲೇಜ್ ಅಪ್ಲಿಕೇಶನ್‌ನಲ್ಲಿ ಒಂದು ಸಾಲು ಬೇಕು ಅಂತ ತಾನೇ. ರೇಸ್‌ಗೆ ಹಾಕೋ ಟೆಕ್ ಸೂಟು ಎಷ್ಟು ಅಂತಾನೂ ಹೇಳಿ, ಸ್ಟಾಪ್‌ವಾಚ್ ಫ್ರೀ ಇರಬಹುದು.

ಜಯನಗರ_4ನೇ_ಬ್ಲಾಕ್
ಪ್ಲೇನೋ ಅವ್ರೇ, ನಿಮ್ಮ ಪೋಸ್ಟ್ ನೋಡಿ ನಂಗೆ ನಗು ಬರ್ತಿದೆ, ಅಳುನೂ ಬರ್ತಿದೆ. ಸೆಪ್ಟೆಂಬರ್ ಮಗು ಅಂತೀರ. 2026-27ರಿಂದ ಸಾಕರಲ್ಲಿ ವಯಸ್ಸಿನ ಗುಂಪು ಲೆಕ್ಕ ಹಾಕೋ ಕಟಾಫ್ ತಾರೀಖು ಜನವರಿ ಒಂದು ಹೋಗಿ ಆಗಸ್ಟ್ ಒಂದು ಆಗ್ತಿದೆ ಅಲ್ವಾ. ನಿಮ್ಮೋನು ಮುಂದಿನ ವರ್ಷ ಮತ್ತೆ ಯು-12, ಗುಂಪಲ್ಲಿ ಎಲ್ರಿಗಿಂತ ದೊಡ್ಡೋರ ಸಾಲು, ಕ್ಲಾಸ್‌ಮೇಟ್ಸ್ ಜೊತೆ, ಇನ್ನೊಂದು ವರ್ಷ 9ಕ್ಕೆ 9 ಸಣ್ಣ ಗ್ರೌಂಡು. ಬಿ ಟೀಮಿಂದ ಎ ಟೀಮಿಗೆ ನಡ್ಕೊಂಡು ಹೋಗ್ತಾನೆ. ನಮ್ಮೋನು ಅದೇ 2014, ಆದ್ರೆ ಜೂನ್. ಇಷ್ಟು ದಿನ ಮಧ್ಯದಲ್ಲಿದ್ದ, ಈಗ 2013 ಆಗಸ್ಟ್‌ನೋರ ಜೊತೆ ಯು-13, ದೊಡ್ಡ ಗ್ರೌಂಡು, 11ಕ್ಕೆ 11, ಕೊನೇ ತುದಿ. ಕೋಚ್ ಮೊನ್ನೆನೇ ಹೇಳಿದ್ರು ಜಾಗ ಗ್ಯಾರಂಟಿ ಇಲ್ಲ ಅಂತ. ಮೂರು ವರ್ಷ ಪ್ರೈವೇಟ್ ಟ್ರೇನಿಂಗ್‌ಗೆ ತಾಸಿಗೆ 80ರ ಲೆಕ್ಕದಲ್ಲಿ ಸುರಿದಿದೀನಿ. ಲಾಟರಿ ಹೊಡೆದೋರು ಟಿಕೆಟ್ ಹರಿದು ಹಾಕ್ತೀನಿ ಅಂದ್ರೆ ಹೇಗಾಗಬೇಕು.

ಪ್ಲೇನೋ_ಅಪ್ಪ
ಸರ್, ಕಟಾಫ್ ನಾನು ಮಾಡಿದ್ದಲ್ಲ.

ಜಯನಗರ_4ನೇ_ಬ್ಲಾಕ್
ನೀವು ಮಾಡಿದ್ದು ಅಂತ ಯಾರಂದ್ರು. 2016ರ ಸುಮಾರಿಗೆ ಸಾಕರ್ ಸಂಸ್ಥೆಯೋರು ಜನವರಿ ಅಂತ ಬದಲಾಯಿಸಿ ಇದ್ದ ಟೀಮೆಲ್ಲಾ ಒಡೆದ್ರು, ಈಗ ವಾಪಸ್. ಮಕ್ಕಳು ಯಾಕೆ ಬಿಡ್ತಾರೆ ಅಂತ ಕೇಳ್ತಾರೆ, ಫ್ರೆಂಡ್ಸ್‌ನೇ ಚೆಲ್ಲಾಪಿಲ್ಲಿ ಮಾಡಿದ್ರೆ ಇನ್ನೇನು ಮಾಡ್ತವೆ.

ಲೆಗ್‌ಸ್ಪಿನ್_ಅಂಕಲ್
ಒಬ್ರೂ ಕ್ರಿಕೆಟ್ ಹೆಸರೆತ್ತಿಲ್ವಲ್ಲ, ಕನ್ನಡಿಗರ ಗ್ರೂಪಾ ಇದು? ಪ್ಲೇನೋದಿಂದ ಗ್ರ್ಯಾಂಡ್ ಪ್ರೇರಿ ಕ್ರಿಕೆಟ್ ಸ್ಟೇಡಿಯಂ ಏನು ದೂರ? 2024 ಜೂನ್ 6, ಅಲ್ಲೇ ಸೂಪರ್ ಓವರ್‌ನಲ್ಲಿ ಅಮೆರಿಕ ಪಾಕಿಸ್ತಾನನ ಹೊಡೀತು, ನಾನಿದ್ದೆ ಅಲ್ಲಿ, ಗಂಟಲು ಕಟ್ಟಿಹೋಗಿತ್ತು. ಮೂರು ವಿಕೆಟ್ ತೆಗೆದ ನಾಸ್ತುಷ್ ಕೆಂಜಿಗೆ ಅಲಬಾಮದಲ್ಲಿ ಹುಟ್ಟಿ ನಮ್ಮ ಕರ್ನಾಟಕದಲ್ಲಿ ಬೆಳೆದ ಹುಡುಗ. 2028 ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇದೆ. ನನ್ ಮಗ ಸಾಕರ್ ಬಿಟ್ಟ ದಿನ ನಾನು ಹೋಳಿಗೆ ಮಾಡಿಸ್ದೆ. ಖರ್ಚು ಇದೆ, ಇಲ್ಲ ಅನ್ನಲ್ಲ, ಅಕಾಡೆಮಿ ತಿಂಗಳಿಗೆ 260, ಇಂಗ್ಲಿಷ್ ವಿಲ್ಲೋ ಬ್ಯಾಟು 350, ಮೊದಲನೇದನ್ನ ನಾಕ್ ಮಾಡದೇ (ತಟ್ಟಿ ಹದ ಮಾಡದೇ) ತಂದು ಎರಡೇ ವಾರಕ್ಕೆ ಬಾಯಿ ಬಿಡಿಸ್ಕೊಂಡ, ಮತ್ತೊಂದು 350. ಆದ್ರೆ ಶನಿವಾರ ಗ್ರೌಂಡಲ್ಲಿ ಬಿಸಿಬೇಳೆಬಾತ್ ಡಬ್ಬ ಬಿಚ್ಚಿದ್ರೆ ಮೂಗು ಮುಚ್ಕೊಳ್ಳೋರು ಯಾರೂ ಇಲ್ಲ.

ಜರ್ಸಿ_ಅಮ್ಮ
ಕಾಲೇಜ್ ಆಟಗಳನ್ನ ನಡೆಸೋ ಎನ್‌ಸಿಎಎಯಲ್ಲಿ ಕ್ರಿಕೆಟ್ ಇಲ್ಲ ಅಂಕಲ್. ಸ್ಕಾಲರ್‌ಶಿಪ್ ಯಾರು ಕೊಡ್ತಾರೆ?

ಲೆಗ್‌ಸ್ಪಿನ್_ಅಂಕಲ್
ಸಾಕರಲ್ಲಿ ಕೊಡ್ತಾರಾ? ಮೊನ್ನೆ ಮೊನ್ನೆವರೆಗೂ ಡಿವಿಷನ್ ಒನ್ (ಎನ್‌ಸಿಎಎಯ ಮೇಲಿನ ಮಟ್ಟ) ಹುಡುಗ್ರ ಸಾಕರಿಗೆ ಇಡೀ ಟೀಮಿಗೆ ಸೇರಿ 9.9 ಸ್ಕಾಲರ್‌ಶಿಪ್ ಮಿತಿ, ಅದನ್ನ ಇಪ್ಪತ್ತು ಮೂವತ್ತು ಜನಕ್ಕೆ ಚಿತ್ರಾನ್ನದ ಥರ ಹಂಚೋದು. ದೊಡ್ಡ ಅಮೆರಿಕನ್ ಫುಟ್‌ಬಾಲ್ ಟೀಮಿಗೆ 85 ಪೂರ್ತಿ ಸ್ಕಾಲರ್‌ಶಿಪ್ ಇತ್ತು. ಈಗ ರೂಲ್ಸ್ ಬದಲಾಗಿದೆ, ಹೊಸ ರೂಲ್ಸ್ ಒಪ್ಪಿದ ಕಾಲೇಜುಗಳಿಗೆ ಆ ಮಿತಿ ತೆಗೆದಿದಾರೆ, ಆದ್ರೆ ಸಾಕರ್ ಕೋಚು ಆ ಜಾಗಕ್ಕೆ ಯೂರೋಪಿಂದ ಇಪ್ಪತ್ತು ವರ್ಷದೋರನ್ನ ಕರೆಸ್ತಾನೆ, ನಿಮ್ ಮಗನಿಗೆ ಏನು ಬರುತ್ತೆ? ನೀವು ಕೊಟ್ಟ 3,400ನ ಬ್ಯಾಂಕಲ್ಲಿಟ್ಟಿದ್ರೆ ಅದೇ ಸ್ಕಾಲರ್‌ಶಿಪ್ಪು.

ಕೊಡಗಿನ_ಕಾಫಿ
ನಮ್ಮದು ಬೇರೆ ಸಂಕಟ. 1997ರಿಂದ ನಮ್ಮಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೀತದೆ, ನಮ್ಮ ಮನೇಲಿ ಮಾವ, ಅತ್ತಿಗೆ, ಎಲ್ರೂ ಆಡಿದವರೇ. ಪೆನ್ಸಿಲ್ವೇನಿಯಕ್ಕೆ ಬಂದು ನೋಡಿದ್ರೆ ಫೀಲ್ಡ್ ಹಾಕಿ ಸ್ಕೂಲಲ್ಲಿ ಹುಡುಗೀರ ಆಟ! ಮಗಳಿಗೆ ಹಬ್ಬ. ಏಳನೇ ಗ್ರೇಡಲ್ಲಿ ಸಾಕರ್ ಬಿಟ್ಟು ಹೋದ್ಲು, ಮೊದಲನೇ ದಿನವೇ ಕೋಚು ಯಾರು ಕಲಿಸಿದ್ದು ಅಂತ ಕೇಳಿದ್ರು, ಅಜ್ಜ ಅಂತ ಹೇಳಿದ್ಲು. ಮಗ ಪಾಪ ಸ್ಟಿಕ್ ಹಿಡ್ಕೊಂಡು ಗ್ಯಾರೇಜಲ್ಲಿ ಒಬ್ಬನೇ ಡ್ರಿಬಲ್ ಮಾಡ್ತಿದ್ದ. ಸಾಕರಿಗೆ ಹಾಕಿದ್ವಿ, ಒಂದು ಸೀಸನ್ ಪೂರ್ತಿ ಸೊನ್ನೆ ಸೊನ್ನೆ, ಒಂದು ಸೊನ್ನೆ, ಇವನಿಗೆ ಸೇರಲಿಲ್ಲ. ಈಗ ಲ್ಯಾಕ್ರೋಸ್, ತುದಿಗೆ ಬಲೆ ಇರೋ ಕೋಲಲ್ಲಿ ಚೆಂಡು ಹಿಡಿದು ಎಸೆಯೋ ಆಟ. ಹೆಲ್ಮೆಟ್ಟು 300, ಗ್ಲೌಸು 120, ಸ್ಟಿಕ್ಕು ಎರಡು ಬೇಕಂತೆ. ಕೈಲಿ ಕೋಲಾದ್ರೂ ಇದೆ ಅಂತ ನಮ್ಮ ಮಾವನಿಗೆ ಸಮಾಧಾನ.

ಧಾರವಾಡ_ಪೇಢಾ
ಸೊನ್ನಿ ಸೊನ್ನಿ ಅಂದದ್ದು ಖರೇ ಅದ ಅಕ್ಕಾರ. ನಮ್ಮಂವನ ಗೆಳ್ಯಾರು ಅದ ಮಾತು ಹೇಳ್ತಾರ, ಬಾಸ್ಕೆಟ್‌ಬಾಲ್‌ದಾಗ ಎಷ್ಟು ದಡ್ಡ ಆದ್ರೂ ಒಂದು ಬಾಸ್ಕೆಟ್ ಬೀಳ್ತದ ಅಂತ.

ಆಸ್ಟಿನ್‌ಟೌನ್_10
ಒಂದು ಗೋಲಿಗೆ ತೊಂಬತ್ತು ನಿಮಿಷ ಕಾಯೋದೇ ಆಟ. ಎರಡು ನಿಮಿಷಕ್ಕೊಂದು ಟೈಮ್‌ಔಟು, ಜಾಹೀರಾತು ಇದ್ರೆ ಮಾತ್ರ ನೋಡೋ ಜನಕ್ಕೆ ಏನು ಹೇಳೋದು. ಇಲ್ಲಿ ಮಗಳಿಗೆ ಮಂಡಿ ಹೋಯ್ತು ಅಂತ ಸಾಕರನ್ನ ಬೈತಿರೋರು ಇನ್ನೊಬ್ಬಳು ಮಗಳನ್ನ ಭರತನಾಟ್ಯಕ್ಕೆ ಕಳಿಸ್ತಿರ್ತಾರೆ, ಸಿಮೆಂಟ್ ನೆಲದ ಮೇಲೆ ತಟ್ಟಿ ತಟ್ಟಿ ಅದೇನು ಮಂಡಿಗೆ ಒಳ್ಳೇದಾ?

ಜರ್ಸಿ_ಅಮ್ಮ
ನಮ್ಮ ಟೀಚರ್ ಮನೇಲಿ ಮರದ ನೆಲ. ತಿಳೀದೇ ಮಾತಾಡಬೇಡಿ. ಚಿಕ್ಕೋಳ್ದು ಹೋದ ವರ್ಷ ಅರಂಗೇಟ್ರಂ ಆಯ್ತು, ಕೂತು ನೋಡಿದ್ರೆ ಹೀಗೆ ಬರೀತಿರ್ಲಿಲ್ಲ.

ಮಲ್ಲಿಗೆ_ಮೈಸೂರು
ಅಮ್ಮ ಅವ್ರೇ, ನಾನು ನಿಮ್ ಪರವೇ, ಆದ್ರೆ ಸಾಕರ್ ಹೋಟೆಲ್ 214 ಅಂತ ಅಷ್ಟು ಸಂಕಟ ಪಟ್ರಿ, ಅರಂಗೇಟ್ರಂ ಲೆಕ್ಕ ಹಾಕಿಲ್ವಲ್ಲ. ನನ್ ಅಕ್ಕನ ಮಗಳದ್ದಕ್ಕೆ ಹಾಲ್ ಬಾಡಿಗೆ, ಲೈವ್ ಆರ್ಕೆಸ್ಟ್ರಾ, ಊಟ, ಮೂರು ಸೀರೆ, ಟೆಂಪಲ್ ಜ್ಯುವೆಲರಿ ಎಲ್ಲಾ ಸೇರಿ ಒಂದು ಕಾರು ಬರ್ತಿತ್ತು.

ಜರ್ಸಿ_ಅಮ್ಮ
ಅದು ಜನ್ಮದಲ್ಲಿ ಒಂದ್ಸಲ. ಕ್ಲಬ್ ಫೀಸು ವರ್ಷಾ ವರ್ಷಾ. ಜೊತೆಗೆ ನಾವು ಮೃದಂಗ, ವಯೊಲಿನ್ ಇಲ್ಲೇ ಜರ್ಸಿಯೋರನ್ನ ಕೇಳ್ಕೊಂಡ್ವಿ, ಊಟ ನಮ್ಮ ಕನ್ನಡ ಕೂಟದ ಹೆಂಗಸರೇ ಮಾಡಿದ್ದು, ನಾನೂರು ಎಲೆ.

ಪ್ಲೇನೋ_ಅಪ್ಪ
ಎಲ್ರಿಗೂ ಥ್ಯಾಂಕ್ಸ್. ಜಯನಗರ ಸರ್ ಹೇಳಿದ ಕಟಾಫ್ ವಿಷಯ ಮಗನಿಗೆ ಹೇಳ್ದೆ. ಹಾಗಾದ್ರೆ ಈ ವರ್ಷದ ಟೀಮ್‌ಮೇಟ್ಸ್ ಅರ್ಧ ಜನ ಹೋಗ್ತಾರಾ ಅಂತ ಕೇಳಿ ಇನ್ನೂ ಬೇಡ ಅಂತಿದಾನೆ. ರಿಕ್ರಿಯೇಷನ್ ಲೀಗ್ ಬಾಸ್ಕೆಟ್‌ಬಾಲು 165 ಡಾಲರ್, ಜರ್ಸಿ ಅದರಲ್ಲೇ, ರಿಜಿಸ್ಟರ್ ಮಾಡಿದೀನಿ. ಟ್ರೈಔಟಿಗೂ ಹೆಸರು ಕೊಟ್ಟಿದೀನಿ, ಅದು ಫ್ರೀ. ಮನೆಯವಳು ಎರಡೂ ಯಾಕೆ ಅಂತ ಬೈತಿದಾಳೆ.

ಜಯನಗರ_4ನೇ_ಬ್ಲಾಕ್
ಎ ಟೀಮ್ ಬಂದು ನೀವು ಬೇಡ ಅಂದ್ರೆ ನನ್ ಕಣ್ಣಿಗೆ ಬೀಳ್ಬೇಡಿ ಅಷ್ಟೇ.

ಕೊಡಗಿನ_ಕಾಫಿ
ಜರ್ಸಿ ಅಮ್ಮ, ಆ ಮೃದಂಗದವರ ನಂಬರ್ ಮೆಸೇಜಲ್ಲಿ ಕಳಿಸ್ತೀರಾ? ನನ್ನ ಫ್ರೆಂಡ್ ಮಗಳದ್ದು ಅಕ್ಟೋಬರ್‌ನಲ್ಲಿದೆ. ಹಾಲ್ ಬಾಡಿಗೆ ಆರು ಗಂಟೆ ಅವಧಿಗೆ ಎಷ್ಟು ತಗೊಂಡ್ರು, ಕ್ಲೀನಿಂಗ್ ಚಾರ್ಜ್ ಬೇರೆನಾ?