ಗುಳ್ಳೆ ಕಮ್ಮಿ ಆಗ್ತಿವೆ, ರಕ್ತದ ರಿಪೋರ್ಟ್ ಯಾಕೆ ಹೀಗೆ?

ಹೊಳಲ್ಕೆರೆ ಹುಡುಗ:
ಅಪ್ಪನಿಗೆ 71 ವರ್ಷ. ಯುಗಾದಿಗೆ ಮುಂಚೆ ಮೈಯೆಲ್ಲ ಕಡಿತ ಶುರುವಾಯಿತು. ತೋಟದ ಕಂಬಳಿಹುಳ ಇರಬೇಕು ಅಂದುಕೊಂಡೆವು. ಆಮೇಲೆ ತೊಡೆ, ಹೊಟ್ಟೆ ಮೇಲೆ ನೀರುಗುಳ್ಳೆ ಎದ್ದವು. ಬಿಗಿಯಾಗಿ, ಒಂದೊಂದು ಅಡಿಕೆ ಗಾತ್ರ. ಊರಲ್ಲಿ ಸರ್ಪಸುತ್ತು ಅಂತ ಕೆಮ್ಮಣ್ಣು ಹಚ್ಚಿದರು. ಸರ್ಪಸುತ್ತು ಒಂದೇ ಮಗ್ಗುಲಿಗೆ ಅಲ್ವಾ ಬರೋದು? ಇದು ಎರಡೂ ಕಡೆ ಇತ್ತು. ದಾವಣಗೆರೆಗೆ ಕರೆದುಕೊಂಡು ಹೋದೆ. ಬಯಾಪ್ಸಿ ಮಾಡಿ 'ಬುಲ್ಲಸ್ ಪೆಂಫಿಗಾಯ್ಡ್' ಅಂದರು. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಮೇಲೆ ತಿರುಗಿಬಿದ್ದು ಗುಳ್ಳೆ ಎಬ್ಬಿಸುವ ಕಾಯಿಲೆಯಂತೆ.

ಈಗ ಮೂರು ವಾರದಿಂದ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ, 40 ಮಿಲಿಗ್ರಾಂ. ಹೊಸ ಗುಳ್ಳೆ ಕಮ್ಮಿ ಆಗ್ತಿವೆ. ಆದರೆ ರಿಪೋರ್ಟ್ ನೋಡಿ (ನ್ಯೂಟ್ರೋಫಿಲ್, ಲಿಂಫೋಸೈಟ್, ಇಸಿನೋಫಿಲ್ ಅಂದರೆ ಬಿಳಿ ಕಣದ ಬಗೆಗಳು, ಶೇಕಡಾ ಲೆಕ್ಕ; ಸಿಆರ್‌ಪಿ, ಇಎಸ್‌ಆರ್ ಉರಿಯೂತದ ಅಳತೆ):
ಬಿಳಿ ಕಣ: 9,200 ಇದ್ದದ್ದು 14,100
ನ್ಯೂಟ್ರೋಫಿಲ್: 62 ಇದ್ದದ್ದು 84
ಲಿಂಫೋಸೈಟ್: 22 ಇದ್ದದ್ದು 10
ಇಸಿನೋಫಿಲ್: 12 ಇದ್ದದ್ದು 1
ಸಿಆರ್‌ಪಿ: 18 ಇದ್ದದ್ದು 6
ಇಎಸ್‌ಆರ್: 58 ಇದ್ದದ್ದು 40

ನ್ಯೂಟ್ರೋಫಿಲ್ ಅನ್ನು ಲಿಂಫೋಸೈಟ್‌ನಿಂದ ಭಾಗಿಸಿದರೆ ಬರುವ ಎನ್‌ಎಲ್‌ಆರ್ ಜಾಸ್ತಿ ಇದ್ದರೆ ಉರಿಯೂತ ಜಾಸ್ತಿ ಅಂತ ಓದಿದೆ. 2.8 ಇದ್ದದ್ದು 8.4 ಆಗಿದೆ. ಕಾಯಿಲೆ ಒಳಗೊಳಗೇ ಏರ್ತಿದೆಯಾ? ರಾತ್ರಿ ನಿದ್ದೆ ಇಲ್ಲ.

ಲ್ಯಾಬ್ ಕೆಲಸದವ, ದಾವಣಗೆರೆ:
ಅಣ್ಣಾ, ಎರಡನೇ ರಕ್ತ ಕೊಟ್ಟಾಗ ಸ್ಟೀರಾಯ್ಡ್ ಒಳಗಿತ್ತಲ್ಲ? ಅದೇ ವಿಷಯ. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳನ್ನು ಸ್ಟೀರಾಯ್ಡ್ ಬಿಡಿಸಿ ರಕ್ತಕ್ಕೆ ತರುತ್ತದೆ, ಲಿಂಫೋಸೈಟ್ ಇಳಿಸುತ್ತದೆ. ಮೇಲಿನದು ಏರಿ ಕೆಳಗಿನದು ಇಳಿದರೆ ಭಾಗಲಬ್ಧ ಜಾಸ್ತಿ ಆಗಲೇಬೇಕು. ಮಾತ್ರೆಗೆ ಮುಂಚಿನ 2.8, ನಂತರದ 8.4 ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಇಸಿನೋಫಿಲ್ ಇಳಿದದ್ದರಲ್ಲೂ ಸ್ಟೀರಾಯ್ಡ್ ಪಾಲಿದೆ. ಈ ಕಾಯಿಲೆಯಲ್ಲಿ ಅದು ಏರುವುದು ಸಾಮಾನ್ಯ.

ಇಎಸ್‌ಆರ್ ಅಂತೂ ವಯಸ್ಸಾದರೆ ಏರುತ್ತದೆ, ರಕ್ತ ಕಮ್ಮಿ ಇದ್ದರೂ ಏರುತ್ತದೆ. ಹಿಮೋಗ್ಲೋಬಿನ್ ಎಷ್ಟು ಅಂತ ನೀವು ಹಾಕಿಯೇ ಇಲ್ಲ. ಸಿಆರ್‌ಪಿ ಇಳಿದಿದೆ, ಒಳ್ಳೆಯದು. ಅದು ಮುಂದೆ ದಿಢೀರ್ ಏರಿದರೆ, ಜ್ವರ ಬಂದರೆ, ಒಡೆದ ಗುಳ್ಳೆಯಲ್ಲಿ ಕೀವಾದರೆ ತಡ ಮಾಡದೆ ತೋರಿಸಿ. ಸ್ಟೀರಾಯ್ಡ್ ತಿನ್ನುವವರಿಗೆ ಸೋಂಕೇ ದೊಡ್ಡ ಭಯ.

ಮಿರ್ಚಿ ಬಿಟ್ಟವಳು:
ನನ್ನದು ಪೆಂಫಿಗಸ್, ನಿಮ್ಮಪ್ಪನದಕ್ಕಿಂತ ಬೇರೆ. ಬಾಯೊಳಗೆಲ್ಲ ಹುಣ್ಣು. ದಾವಣಗೆರೆಯಲ್ಲಿದ್ದು ಎರಡು ವರ್ಷ ಮಂಡಕ್ಕಿ ಮಿರ್ಚಿ ಮುಟ್ಟಿಲ್ಲ ಅಂದರೆ ಲೆಕ್ಕ ಹಾಕಿ! ನಾನೂ ನಿಮ್ಮ ಹಾಗೆಯೇ ರಿಪೋರ್ಟ್ ಹಿಡಿದು ಅಳುತ್ತಿದ್ದೆ. ನಮ್ಮ ಡಾಕ್ಟರು ಮೊದಲು ಕೇಳುವುದು 'ಹೊಸದು ಎಷ್ಟು ಬಂತು?' ಅಂತ. ರಕ್ತದಲ್ಲಿ ನೋಡಲೇಬೇಕಾದರೆ ಆ ಕಾಯಿಲೆಯ ಆಂಟಿಬಾಡಿ, ಅಂದರೆ ನಮ್ಮ ಚರ್ಮದ ಮೇಲೇ ದಾಳಿ ಮಾಡುವಂಥದ್ದು, ಎಷ್ಟಿದೆ ಅಂತ ನೋಡುತ್ತಾರೆ. ನನಗೆ ಡೆಸ್ಮೋಗ್ಲೀನ್ ಅನ್ನೋ ಚರ್ಮದ ಪ್ರೋಟೀನ್ ವಿರುದ್ಧದ್ದು, ನಿಮ್ಮಪ್ಪನಿಗಾದರೆ ಬಿಪಿ180 ಅನ್ನೋದರ ವಿರುದ್ಧದ್ದು.

ಇನ್ನೊಂದು. ಅವರಿಗೆ ಸಕ್ಕರೆ ಕಾಯಿಲೆ ಇದೆಯಾ? ವಿಲ್ಡಾಗ್ಲಿಪ್ಟಿನ್ ತರದ, ಹೆಸರಿನ ಕೊನೆಗೆ 'ಗ್ಲಿಪ್ಟಿನ್' ಇರುವ ಮಾತ್ರೆಗಳಿಂದ ಕೆಲವರಿಗೆ ಪೆಂಫಿಗಾಯ್ಡ್ ಬರುತ್ತದೆ. ಸುಮ್ನೆ ನೀವೇ ನಿಲ್ಲಿಸಬೇಡಿ, ಚೀಟಿ ತೋರಿಸಿ ಕೇಳಿ. ಸ್ಟೀರಾಯ್ಡನ್ನೂ ಅಷ್ಟೇ, ತಟ್ಟನೆ ಬಿಡಬಾರದು.

ಹೊಳಲ್ಕೆರೆ ಹುಡುಗ:
ಅಕ್ಕಾ, ಸಕ್ಕರೆ ಇದೆ! ಚೀಟಿಯಲ್ಲಿ ವಿಲ್ಡಾಗ್ಲಿಪ್ಟಿನ್ನೂ ಇದೆ, ಒಂದೂವರೆ ವರ್ಷದಿಂದ. ನಾನು ಚರ್ಮದ ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಇವತ್ತು ಫೋನ್ ಮಾಡಿದೆ, ಸೋಮವಾರ ಎಲ್ಲ ಮಾತ್ರೆ ತನ್ನಿ, ಬದಲಿಸುತ್ತೇವೆ ಅಂದರು. ಹಿಮೋಗ್ಲೋಬಿನ್ 10.4 ಲ್ಯಾಬ್ ಅಣ್ಣಾ.

ಅಂಗಿ ಒಡೆದ ಗುಳ್ಳೆಗೆ ಅಂಟುತ್ತಿತ್ತು. ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟಂತೆ ಅಮ್ಮ ಬಾಳೆಎಲೆ ತೊಳೆದು, ಹಬೆಯಲ್ಲಿ ಬೇಯಿಸಿ ಆರಿಸಿ ಹಾಸುತ್ತಾರೆ. ಅಪ್ಪನಿಗೆ ಅದೇ ತಂಪು. 'ಊಟಕ್ಕೆ ಹಾಕ್ತೀಯೋ ಮಲಗೋಕೆ ಹಾಕ್ತೀಯೋ' ಅಂತ ಗೊಣಗುತ್ತಾರೆ. ಅಡಿಕೆ ಕೊಯ್ಲಿನ ಲೆಕ್ಕದ ಪುಸ್ತಕದಲ್ಲಿ ಹಿಂದಿನ ಪುಟಕ್ಕೆ ಹೊಸ ಗುಳ್ಳೆ ಬರೆಯೋಕೆ ಶುರು ಮಾಡಿದ್ದಾರೆ. ಮೊನ್ನೆ 3, ನಿನ್ನೆ 1, ಇವತ್ತು ಬರೀ ಗೀಟು, ಒಂದೂ ಇಲ್ಲ.